ಮೂಕಗಂಟೆ ಕಾಡಿಗೆ ಆ ಹೆಸರು ಬಂದ ಬಗೆ

ಮೊದಲಿಗೇ ಓದುವವರಲ್ಲಿ ಕ್ಷಮೆ ಕೇಳಿಕೊಳ್ಳುತ್ತೇನೆ. ಈ ಕಥೆಯನ್ನು ನಮ್ಮ ಹಟ್ಟಿಯ ಹಿರಿಯರು ಹೇಳಿದರೆ ಯಾರೂ ಕೂತಲ್ಲಿಂದ ಏಳುವುದಿಲ್ಲ. ನಾನು ಹೇಳಿದರೆ ನಡುವೆ ಒಬ್ಬರಾದರೂ ನೀರು ಕುಡಿಯಲು ಏಳುತ್ತಾರೆ. ಬಾಯಲ್ಲಿ ಹೇಳುವುದೇ ಹೀಗಿರುವಾಗ ಬರವಣಿಗೆ ಹೇಗಾಗುತ್ತದೋ ತಿಳಿಯದು. ಆದರೆ ಕಾಡಿನಲ್ಲಿ ನಡೆಯಲು ಬರುವವರೆಲ್ಲ ಹೆಸರಿನ ಬಗ್ಗೆ ಕೇಳುತ್ತಾರೆ, ಅವರನ್ನು ಒಳಗೆ ಕರೆದೊಯ್ಯುವವನು ನಾನು, ಹಾಗಾಗಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ತಪ್ಪಿದ್ದರೆ ನನ್ನದು, ಕಥೆಯದಲ್ಲ.

ಈಗ ಕಾಡು ಹೇಗಿದೆ ಎಂದು ಹೇಳಬೇಕು. ಹಟ್ಟಿಯ ಪಡುವಣಕ್ಕೆ ಕಲ್ಲುಗುಡ್ಡದ ಇಳಿಜಾರಿನಲ್ಲಿ ಹಬ್ಬಿರುವುದೇ ಮೂಕಗಂಟೆ ಕಾಡು. ಇದನ್ನು ಯಾರೂ ನೆಟ್ಟದ್ದಲ್ಲ, ತಾನಾಗಿ ಬೆಳೆದದ್ದು. ಕಮರ, ದಿಂಡಿಗ, ಕಕ್ಕೆ, ಬೂರುಗದ ಮರಗಳೇ ಹೆಚ್ಚು. ಕಮರದ ಚಿಗುರು ಕೆಂಪಗಿರುತ್ತದೆ. ಆ ದಿನಗಳಲ್ಲಿ ಬಂದವರು ಕಾಡಿಗೆ ಬೆಂಕಿ ಬಿದ್ದಿದೆಯೇ ಎಂದು ಕೇಳುವುದುಂಟು. ಇಲ್ಲ, ಅದು ಚಿಗುರು. ಕಾಡಿನ ಬಾಯಲ್ಲಿ ಒಂದು ಮುದಿ ಕಮರವಿದೆ. ಅದರ ಕೆಳಗಿನ ಕೊಂಬೆಗಳಲ್ಲಿ ದನದ ಕೊರಳಿನ ಗಂಟೆಗಳು ತೂಗುತ್ತಿರುತ್ತವೆ, ಗಾಳಿ ಎಷ್ಟೇ ಬೀಸಿದರೂ ಸದ್ದು ಮಾಡುವುದಿಲ್ಲ. ಅಲ್ಲಿಂದ ಕಾಲುದಾರಿ ಹಿಡಿದರೆ ಬಂಡೆಯ ನಡುವಿನ ದೊಣೆಗೆ ಹೋಗುತ್ತದೆ. ದೊಣೆ ಎಂದರೆ ಬಂಡೆಯಲ್ಲಿ ತಾನಾಗಿ ಆದ ನೀರಿನ ಹಳ್ಳ; ಇದು ಬೇಸಗೆಯಲ್ಲೂ ಬತ್ತುವುದಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ನಮ್ಮ ಹಟ್ಟಿಯಲ್ಲಿ ಕ್ಯಾತಣ್ಣ ಎಂಬ ದನಗಾಹಿ ಇದ್ದನಂತೆ. ಅವನ ಹೆಂಡತಿ ಸಿರಿಯವ್ವ. ಹಟ್ಟಿಯ ದೇವರಿಗೆ ಬಿಟ್ಟ ಕೆಂಚಿ ಎಂಬ ಆವು ಅವರ ಸುಪರ್ದಿಯಲ್ಲಿತ್ತು. ದೇವರ ಆವು ಎಂದರೆ ಎಲ್ಲರ ಆವು. ಅದನ್ನು ಕಳೆದುಕೊಂಡವನು ಮತ್ತೆ ದನ ಕಾಯುವಂತಿರಲಿಲ್ಲ, ಹಟ್ಟಿಯ ಬೇಲಿಯೊಳಗೆ ಇರುವಂತೆಯೂ ಇರಲಿಲ್ಲ. ಕೆಂಚಿ ಆಗ ತುಂಬು ಗಬ್ಬ. ಆ ಬೇಸಗೆ ಬಲು ಕಡುವಾಗಿತ್ತು, ಹಸಿರೆಂಬುದು ಉಳಿದದ್ದು ಪಾಳೆಯಗಾರರ ಕುದುರೆಗಳಿಗೆ ಮೀಸಲಿಟ್ಟ ಕಾವಲಿನ ಹುಲ್ಲುಗಾವಲಿನಲ್ಲಿ ಮಾತ್ರ. ಗಬ್ಬದ ಆವು ಒಣಕಡ್ಡಿ ಮೂಸಿ ಮುಖ ತಿರುಗಿಸುವುದನ್ನು ಕ್ಯಾತಣ್ಣನಿಗೆ ನೋಡಲಾಗಲಿಲ್ಲ. ಆಗ ಅವನು ದನಗಾಹಿಗಳಿಗೆಲ್ಲ ಗೊತ್ತಿರುವ ಒಂದು ಉಪಾಯ ಮಾಡಿದ. ಗಂಟೆಯೊಳಗೆ ತೂಗುವ ಕಡ್ಡಿಗೆ ನಾಲಿಗೆ ಎನ್ನುತ್ತೇವೆ. ಗಂಟೆಯ ಬಾಯಿಗೆ ಹುಲ್ಲು ತುರುಕಿದರೆ ನಾಲಿಗೆ ಅಲ್ಲಾಡುವುದಿಲ್ಲ, ಆಗ ದನ ಯಾರ ಹೊಲಕ್ಕೆ ನುಗ್ಗಿದರೂ ಕಾವಲುಗಾರನಿಗೆ ತಿಳಿಯುವುದಿಲ್ಲ. ಹೆಂಡತಿಗೆ ಹೇಳಿಯೇ ಹೊರಟ ಕ್ಯಾತಣ್ಣ, ಕಾವಲಿನ ಅಂಚಿನ ಹುಲ್ಲು ಕಿತ್ತು ಹಾಗೆ ಮಾಡಿ ನಸುಕಿನಲ್ಲೇ ಕೆಂಚಿಯನ್ನು ಮೀಸಲು ಕಾವಲಿಗೆ ಬಿಟ್ಟ. ತಾನು ಕಾವಲುಗಾರ ಬರುವ ದಾರಿಯ ಮೇಲೆ ಕಣ್ಣಿಟ್ಟು ಪೊದೆಯ ಮರೆಯಲ್ಲಿ ಕೂತ. ಅವನು ಮರೆತದ್ದು ಒಂದೇ: ಕಾವಲುಗಾರನಿಗೆ ಕೇಳದ ಗಂಟೆ ತನಗೂ ಕೇಳುವುದಿಲ್ಲ. ಬಿಸಿಲೇರಿದಾಗ ತಿರುಗಿ ನೋಡಿದರೆ ಆವು ಇಲ್ಲ. ಹೆಜ್ಜೆಗಳು ಕಾಡಿನತ್ತ ಹೋಗಿದ್ದವು. ಈಯುವ ಹೊತ್ತಿಗೆ ಆವುಗಳು ಹೀಗೆ ಒಂಟಿಯಾಗಿ ಮರೆ ಹುಡುಕುತ್ತವೆ. ಅದೇ ಕಾಡಿನಲ್ಲಿ ಚಿರತೆಯೂ ಇತ್ತು.

ಬುತ್ತಿ ತಂದ ಸಿರಿಯವ್ವ ಗಂಡನನ್ನು ಕಂಡದ್ದು ಕಾಡಿನ ಬಾಯಲ್ಲಿ, ಅಂಗೈಯನ್ನು ಕಿವಿಗೆ ಆನಿಸಿಕೊಂಡು ನಿಂತಿದ್ದಾಗ.

"ಏನು ಕೇಳಿಸ್ಕೊಳ್ತಾ ಇದೀಯ?" ಎಂದಳು.

"ಕೆಂಚಿ ಗಂಟೆ."

"ಹುಲ್ಲು ತುರುಕಿದೋನು ನೀನೇ ಅಲ್ವಾ? ಈಗ ಹುಲ್ಲೇನು ಹಾಡು ಹೇಳ್ತದಾ?"

"ಬಯ್ಯೋದು ಆಮೇಲೆ ಬಯ್ಯಿವಂತೆ ಕಣೆ. ಕೂಗಿ ಕರೀಲಾ?"

"ಕೂಗು. ಚಿರತೆಗೂ ಗೊತ್ತಾಗ್ಲಿ, ಕೆಂಚಿ ಹಾದಿ ತಪ್ಪೈತೆ ಅಂತ. ಬಾಯ್ಮುಚ್ಕೊಂಡು ನನ್ನ ಹಿಂದೆ ಬಾ."

ಇಬ್ಬರೂ ಒಳಗೆ ಹೋದರು. ಮುರಿದ ಗರಿಕೆ, ಬಂಡೆಗೆ ತಾಗಿದ ಕೂದಲು, ಇವನ್ನೇ ನೋಡುತ್ತಾ, ಆವಿನ ಉಸಿರಾದರೂ ಕೇಳೀತೆಂದು ಒಣ ಎಲೆ ತುಳಿಯದೆ ನಡೆದರು. ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರಿಬ್ಬರೂ ಹುಟ್ಟಿದಂದಿನಿಂದ ಈ ಕಾಡಿನ ದೊಣೆಗೆ ದನ ಹೊಡೆದವರು. ಆದರೂ ಕಾಡಿನಲ್ಲಿ ಕಾಗೆ, ಮಂಗ ಬಿಟ್ಟು ಹೆಚ್ಚೇನೂ ಕಂಡವರಲ್ಲ. ಮಂದೆಯ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತಾ ಬಂದರೆ ಯಾವ ಪ್ರಾಣಿ ನಿಲ್ಲುತ್ತದೆ? ಅವರಿಗಿಂತ ಮೊದಲೇ ಕಾಡು ಖಾಲಿಯಾಗುತ್ತಿತ್ತು. ಅಂದು ಹಾಗಾಗಲಿಲ್ಲ. ಜಿಂಕೆಯಂಥ, ನಾಲ್ಕು ಕೊಂಬಿನ ಕೊಂಡುಕುರಿಯೊಂದು ದಾರಿಯಲ್ಲೇ ನಿಂತು ಅವರನ್ನು ನೋಡಿ, ಅವಸರವಿಲ್ಲದೆ ಪಕ್ಕಕ್ಕೆ ಸರಿಯಿತು. ಕಕ್ಕೆಯ ಬುಡದಲ್ಲಿ ಚಿಪ್ಪುಹಂದಿ ಮಣ್ಣು ಕೆದರುತ್ತಿತ್ತು. ಸಿರಿಯವ್ವ ತನ್ನ ಕೈಬಳೆಗಳನ್ನು ಸದ್ದಾಗದಂತೆ ಮೊಣಕೈಗೆ ಏರಿಸಿಕೊಂಡಳು ಎನ್ನುತ್ತಾರೆ.

ದೊಣೆಯ ಹತ್ತಿರ ಬಂದಾಗ ಕೆಂಚಿ ಕಂಡಳು. ಆಗಲೇ ಈದಿದ್ದಳು, ಕರುವನ್ನು ನೆಕ್ಕುತ್ತಾ ನಿಂತಿದ್ದಳು. ಆಚೆ ದಡದಲ್ಲಿ ನವಿಲುಗಳು, ಕೊಂಡುಕುರಿಗಳು, ಮರಿಗಳನ್ನು ಬೆನ್ನ ಮೇಲೆ ಹೊತ್ತ ಒಂದು ಕರಡಿ ನೀರು ಕುಡಿಯುತ್ತಿದ್ದವು. ಮೇಲಿನ ಬಂಡೆಯಲ್ಲಿ ಚಿರತೆಯೂ ಮಲಗಿತ್ತು, ಆದರೆ ಆವನ್ನು ಮುಟ್ಟಲಿಲ್ಲ ಎಂದು ಕೆಲವರು ಹೇಳುತ್ತಾರೆ. ಚಿರತೆಯ ಹೆಜ್ಜೆಯಷ್ಟೇ ಇತ್ತು ಎನ್ನುವವರೂ ಇದ್ದಾರೆ. ನಾನು ಎರಡನ್ನೂ ಬರೆದಿದ್ದೇನೆ. ಆ ಜೀವಗಳೆಲ್ಲ ಕುಡಿದ ರೀತಿಯನ್ನು ಸಿರಿಯವ್ವ ಬದುಕಿರುವ ತನಕ ಹೇಳುತ್ತಿದ್ದಳಂತೆ. ಬಹಳ ದಿನ ನೀರು ಕಾಣದವರು ಕುಡಿಯುವಂತೆ, ತಲೆಯೆತ್ತದೆ ಕುಡಿದವಂತೆ. ಅವೆಲ್ಲ ಹೋಗುವವರೆಗೂ ಗಂಡಹೆಂಡಿರು ಬಂಡೆಯ ಮರೆಯಿಂದ ಕದಲಲಿಲ್ಲ.

ಹಟ್ಟಿಗೆ ಬಂದಾಗ ಕ್ಯಾತಣ್ಣ ಕರುವನ್ನು ಹೆಗಲ ಮೇಲೆ ಹೊತ್ತಿದ್ದ. ಹಟ್ಟಿಯ ಯಜಮಾನ ಈರಗೌಡ ಮೊದಲು ನೋಡಿದ್ದು ಕರುವನ್ನಲ್ಲ, ಕೆಂಚಿಯ ಗಂಟೆಯನ್ನು. ಮೀಸಲು ಕಾವಲಿನ ಹಸಿರು ಹುಲ್ಲು ಅದರ ಬಾಯಲ್ಲಿ ಇನ್ನೂ ಇತ್ತು, ತೆಗೆಯಲು ಇಬ್ಬರಿಗೂ ನೆನಪಾಗಿರಲಿಲ್ಲ. "ಆವು ಮೇಯೋದು ಹೊಟ್ಟೆಗೋ ಗಂಟೆಗೋ, ಕ್ಯಾತ?" ಎಂದು ಕೇಳಿದ. ಕ್ಯಾತಣ್ಣ ಕರುವನ್ನು ಹೆಗಲಿಂದ ಇಳಿಸಿದ. ಮಾತಾಡಿದವಳು ಸಿರಿಯವ್ವ. "ಗೌಡ್ರೆ, ದೇವರ ಆವನ್ನ ಮೂಕಿ ಮಾಡಿ ಕಳ್ಳಮೇವಿಗೆ ಬಿಟ್ಟಿದ್ದು ತಪ್ಪು. ಏನು ದಂಡನೆ ಆದ್ರೂ ಹೇಳ್ರಿ. ಆದರೆ ದೊಣೆಗೆ ಹೋಗುವಾಗ ಮಾತ್ರ ಗಂಟೆ ಬಾಯಿ ಬಿಚ್ಚಿಸಬ್ಯಾಡ್ರಿ. ನಮ್ಮ ದನ ಕುಡಿದಷ್ಟು ದಿನವೂ ಗಂಟೆಗೆ ಹೆದರಿ ಕಾಡಿನ ಜೀವಗಳು ಬಾಯಾರಿ ನಿಂತಿರ್ತಾವೆ," ಎಂದು ತಾನು ಕಂಡದ್ದನ್ನೆಲ್ಲ ಹೇಳಿದಳು. ಈರಗೌಡ ಕ್ಯಾತಣ್ಣನನ್ನು ಹಟ್ಟಿಯಿಂದ ಹೊರಗೆ ಹಾಕಲಿಲ್ಲ. ಮಂದೆ ದೊಣೆಗೆ ಹೋಗುವಾಗಲೆಲ್ಲ ಕಾಡಿನ ಬಾಯಲ್ಲಿ ನಿಂತು, ಪ್ರತಿ ದನದ ಗಂಟೆಗೂ ಅವನೇ ಹುಲ್ಲು ತುಂಬಬೇಕು, ತಿರುಗಿ ಬಂದಾಗ ಅವನೇ ತೆಗೆಯಬೇಕು, ಅದೇ ದಂಡನೆ. ಜನ ಅವನನ್ನು ಮೂಕಗಂಟೆ ಕ್ಯಾತ ಎಂದು ಹಾಸ್ಯ ಮಾಡಿದರು. ಅವನು ಮುದುಕನಾಗುವಷ್ಟರಲ್ಲಿ ಹಾಸ್ಯ ಮರೆತುಹೋಗಿ, ಹೆಸರು ಕಾಡಿಗೆ ನಿಂತಿತು.

ಮುದಿ ಕಮರದಲ್ಲಿ ತೂಗುವ, ಹುಲ್ಲು ತುಂಬಿದ ಗಂಟೆಗಳು ಆ ದಂಡನೆಯ ಗುರುತು. ಈಗ ದೊಣೆಗೆ ದನ ಹೋಗುವುದಿಲ್ಲ, ನಡೆಯಲು ಬರುವವರು ಹೋಗುತ್ತಾರೆ. ಆದರೂ ಪದ್ಧತಿ ಬಿಟ್ಟಿಲ್ಲ. ಪ್ರತಿ ಗುಂಪಿನಲ್ಲೂ ಒಬ್ಬರು ಒಂದು ಗಂಟೆಗೆ ಹುಲ್ಲು ತುಂಬಿ, ಅದನ್ನು ಹಿಡಿದುಕೊಂಡೇ ಒಳಗೆ ಕಾಲಿಡುತ್ತಾರೆ. ಅಲ್ಲಿಂದ ಮುಂದೆ ಯಾರೂ ಮಾತಾಡುವುದಿಲ್ಲ, ಹಾಗಾಗಿಯೇ ಇಲ್ಲಿ ಕೊಂಡುಕುರಿ ಕಾಣದೆ ಹಿಂತಿರುಗಿದವರು ಕಡಿಮೆ. ಹುಲ್ಲು ತುಂಬುವುದು ಸುಲಭವೆಂದುಕೊಳ್ಳಬೇಡಿ. ಕರಡದ ಹುಲ್ಲೇ ಆಗಬೇಕು, ಅದನ್ನು ನಾಲಿಗೆಯ ಎರಡೂ ಬದಿಗೆ ಸಮನಾಗಿ ಕೊಡಬೇಕು. ಒಂದೇ ಬದಿಗೆ ಕೊಟ್ಟರೆ ನಡೆಯುವಾಗ ಸಡಿಲವಾಗಿ, ಅರ್ಧ ದಾರಿಯಲ್ಲಿ ಗಂಟೆ ಬಾಯಿ ಬಿಡುತ್ತದೆ. ತುಂಬಿದ ಮೇಲೆ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಬೇಕು. ಆಗ ಸಣ್ಣ ಸದ್ದೇನಾದರೂ ಬಂದರೆ—

ನಾನು ಬರೆಯುತ್ತಾ ಕೂತ ಕಿಟಕಿಯ ಸರಳಿಗೆ ಒಂದು ಹರಳು ತಾಗಿತು. ಕಾಡಿನ ಬಾಯಲ್ಲಿ ನನ್ನ ಜೊತೆ ದಾರಿ ತೋರಿಸುವ ಸಾಕಮ್ಮ ನಿಂತಿದ್ದಾಳೆ, ಜೊತೆಗೆ ನಡೆಯಲು ಬಂದವರಿದ್ದಾರೆ. ಇಲ್ಲಿ ನಾವು ಯಾರನ್ನೂ ಕೂಗಿ ಕರೆಯುವುದಿಲ್ಲ, ಹರಳು ಎಸೆಯುತ್ತೇವೆ. ಅವಳ ಕೈಯಲ್ಲಿ ಗಂಟೆ ಇದೆ, ಹುಲ್ಲು ಇನ್ನೂ ತುಂಬಿಲ್ಲ, ನಾನು ಬರುವವರೆಗೆ ಸದ್ದಾಗದಂತೆ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡಿದ್ದಾಳೆ.