ಕೌದಿ ಹೊಟ್ಟಿ ತುಂಬಿಸಿದ್ದು

ನಮ್ಮ ಬಾಜೂ ಮನಿ ಫಕ್ಕೀರವ್ವ ಹಳೇ ಸೀರಿ ತುಂಡು ಜೋಡಿಸಿ ಹೊದಿಯೂ ಕೌದಿ ಹೊಲಿಯಾಕಿ. ಅಕಿ ಹೊಲಿದ ಕೌದಿನ ನಮ್ಮೂರ ದಲ್ಲಾಳಿ ಚಂಬಣ್ಣ ಒಯ್ದು ಮೈಸೂರಿನ ಒಂದ ಅಂಗಡಿಗೆ ಮಾರತಾನ. ಹೊಲಿದಾಕಿಗೆ ಪೂರಾ ಕೂಲಿ ಮುಟ್ಟಲಿ ಅಂತ ಅಂಗಡಿ ಮೇಡಮ್ಮಾರು ರೊಕ್ಕ ಜಾಸ್ತಿನ ಕಳಸ್ತಾರ. ಅದು ಚಂಬಣ್ಣನ ಕಿಸೆ ದಾಟಿದ್ದು ನಾವು ಕಂಡಿಲ್ಲ.

ಒಂದಿನ ಫೋನ್ ಹಿಡ್ಕೊಂಡು ಬಂದ.

"ಮೇಡಮ್ಮಾರು ಫೋನಿನಾಗ ನಿನ್ನ ನೋಡಬೇಕಂತ. ಕೌದಿ ಹೊಟ್ಟಿ ತುಂಬಿಸೂದು ತೋರ್ಸು. ನಕ್ಕೋಂತ ಇರು. ರೊಕ್ಕದ ಮಾತ ತಗದ್ಯೋ, ನಾಳಿಂದ ನಿನ್ನ ಕೌದಿ ಒಯ್ಯಂಗಿಲ್ಲ!"

"ಆತಳಪ್ಪ, ತಗಿಯೂದಿಲ್ಲ," ಅಂದ್ಲು.

ನಮ್ಮ ಕಡೆ ಕೌದಿ ಕಡೇ ಮೂಲಿ ಮುಚ್ಚೂ ಮುಂದ, ಮನ್ಯಾಗ ಉಂಡು ಉಳಿದ ರೊಟ್ಟಿ ಚೂರು ಒಳಗಿಟ್ಟು ಹೊಲಿತೇವಿ. ಹೊದ್ದವರು ಹಸಿದು ಮಲಗಬಾರದು ಅಂತ. ಇದಕ್ಕ ಕೌದಿ ಹೊಟ್ಟಿ ತುಂಬಿಸೂದು ಅಂತೇವಿ.

"ಮೂಲೇಲಿ ಏನಮ್ಮಾ ಇಡೋದು?" ಚಂಬಣ್ಣ ಹಿಡಿದ ಫೋನಿನಾಗ ಮೇಡಮ್ಮಾರು ಕೇಳಿದ್ರು.

ಫಕ್ಕೀರವ್ವ ನಕ್ಕೋಂತನ ಖಾಲಿ ಕೈ ತೋರ್ಸಿದ್ಲು. "ಉಂಡು ಉಳಿದಿದ್ದು ಇಡಬೇಕ್ರಿ ಅಕ್ಕಾರ. ನಮ್ಮನ್ಯಾಗ ಏನೂ ಉಳಿಯವಲ್ದು. ಅದಕ್ಕ ಮೂಲಿ ಹಂಗ ಬಿಟ್ಟೀನ್ರಿ."

ಸುಳ್ಳಲ್ಲ. ಅಕಿ ಉಣ್ಣೂ ಗಂಗಾಳ ನಾ ಕಿಡಕಿಯಿಂದ ದಿನಾ ನೋಡತೀನಿ. ಮಂದಿ ಚಳಿ ಬಿಡಿಸೂ ಕೈಗೆ ಎರಡನೇ ರೊಟ್ಟಿ ಇರೂದಿಲ್ಲ.

ಮೇಡಮ್ಮಾರು ಕೇಳಿದ್ರು, "ಚಂಬಣ್ಣ, ನಾವು ಕಳಿಸಿದ ದುಡ್ಡು ಏನಾಯ್ತು?"

ಚಂಬಣ್ಣ ಗಡಬಡಿಸಿ ಕಿಸೆದಾಗ ಕೈ ಹಾಕಿದ. "ಇವತ್ತ ಕೊಡಾಂವ ಇದ್ದೆ ಮೇಡಂ! ಪೂರಾ!"

"ಅಕ್ಕಾರ, ಫೋನ್ ಇಡಬ್ಯಾಡ್ರಿ," ಅಂದ್ಲು ಫಕ್ಕೀರವ್ವ. "ಚಂಬಣ್ಣ ಕಿಸೆದಾಗ ಕೈ ಹಾಕ್ಯಾನ. ಆ ಕೈ ಹೊರಗ ಬರೂತನಕ ನೋಡ್ಕೋಂತ ಕುಂದರ್ರಿ."