ತಟ್ಟೆ ನೋಡುವ ಬೆಳ್ಳ

ಲೋಕ ಇನ್ನೂ ಹೊಸದಾಗಿತ್ತು, ಬೆಟ್ಟಗಳ ಮೈ ಒಣಗಿರಲಿಲ್ಲ. ಆಗ ಹುಟ್ಟಿದ ಮೊಟ್ಟಮೊದಲ ಮಗುವಿನ ಮೈಯೊಳಗೆ ಒಂದು ಊರಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳು, ಲೆಕ್ಕಕ್ಕೆ ಸಿಗದಷ್ಟು. ನಡುವೆ ನೆತ್ತರ ಹೊಳೆ.

ಆ ಊರಿನ ಕಾವಲುಗಾರರಲ್ಲಿ ಬೆಳ್ಳ ಒಬ್ಬ. ಬಣ್ಣವಿಲ್ಲ, ಬೆಡಗಿಲ್ಲ, ಮೇಲೆ ಹೊಟ್ಟೆಕಿಚ್ಚು ಬೇರೆ. ಉಸಿರಿನ ಮೂಟೆ ಹೊತ್ತು ಹೊಳೆಯಲ್ಲಿ ಬರುತ್ತಿದ್ದ ಕೆಂಪನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಕೆಂಪ ಬಂದರೆ ಮನೆಮನೆಯವರೂ ಬಾರಪ್ಪಾ ಎಂದು ಕರೆಯುತ್ತಿದ್ದರು. ಬೆಳ್ಳ ಬಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಮಗುವಿನ ಕೆನ್ನೆ ರಂಗೇರಿದರೂ ಹೆಸರು ಕೆಂಪನಿಗೇ.

ಊರಲ್ಲಿ ಒಂದು ಪದ್ಧತಿಯಿತ್ತು. ಒಳಗೆ ಬೆಂದದ್ದರಲ್ಲಿ ಒಂದು ಚಿಟಿಕೆಯನ್ನು ಪ್ರತಿ ಮನೆಯವರೂ ಹೊಸಿಲ ತಟ್ಟೆಯಲ್ಲಿ ಇಡಬೇಕು. ಅದರಲ್ಲಿ ಹೊರಗಿನದೇನಾದರೂ ಬೆರೆತಿದೆಯೇ ಎಂದು ನೋಡುವುದೇ ಬೆಳ್ಳನ ಕೆಲಸ. ಎದೆಯ ಎಲುಬಿನ ಹಿಂದೆ ಕೂತು ಕಾವಲುಗಾರರನ್ನು ಪಳಗಿಸುವ ಎದೆಯಜ್ಜಿ, ಊರವರದೇ ಅಡುಗೆ ಕಂಡು ಹೊಡೆಯಲು ಕೈಯೆತ್ತಿದವರನ್ನೆಲ್ಲ ಆಚೆ ಕಳಿಸಿದ್ದಳು. ಬೆಳ್ಳ ಕೈಯೆತ್ತಲಿಲ್ಲ. ಅವರ ತಟ್ಟೆಯಲ್ಲಿ ಏನಿದೆ, ಇವರ ತಟ್ಟೆಯಲ್ಲಿ ಏನಿದೆ ಎಂದು ನೋಡಿ ನೋಡಿ ಕರುಬುತ್ತಿದ್ದ, ಅಷ್ಟೆ. ಕರುಬುವವನ ಕಣ್ಣಿಗೆ ಸಾಸಿವೆಯೂ ತಪ್ಪುವುದಿಲ್ಲ.

ಒಂದು ದಿನ ಗಂಟಲ ಕೇರಿಯ ತಟ್ಟೆಯೊಂದರಲ್ಲಿ ಹಿಂದೆಂದೂ ಕಾಣದ ಚೂರು ಕಂಡಿತು. ತನ್ನದೆಂಬ ಒಲೆಯಿಲ್ಲದ ಕಳ್ಳ, ವೈರಸ್ಸು, ಆ ಮನೆಗೆ ನುಗ್ಗಿ ಅವರದೇ ಒಲೆಯಲ್ಲಿ ತನ್ನಂಥವರನ್ನು ಬೇಯಿಸಿ ಇಳಿಸುತ್ತಿದ್ದ. ಬೆಳ್ಳ ಆ ಮನೆಯನ್ನು ಕಳ್ಳನ ಸಮೇತ ಕೆಡವಿದ. ಊರೆಲ್ಲ ಬೆಳ್ಳನನ್ನು ಹೊಗಳಿತು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಅಷ್ಟರಲ್ಲಿ ಕಳ್ಳರು ಕೇರಿ ತುಂಬಿದ್ದರು. ಮಿಕ್ಕ ಕಾವಲುಗಾರರಿಗೆ ಆ ಚೂರಿನ ಗುರುತಿಲ್ಲ. ದವಡೆಯ ಕೆಳಗಿನ ಛತ್ರದಲ್ಲಿ ಹೋಗಿ ಕೂರು, ಒಬ್ಬ ಇಬ್ಬರಾಗು, ಇಬ್ಬರು ನಾಲ್ವರಾಗು ಎಂದು ಅಜ್ಜಿ ಹೊಳೆಯ ಕೈಲಿ ಬೆಳ್ಳನಿಗೆ ಹೇಳಿ ಕಳಿಸಿದಳು.

"ಗುರುತು ಹಿಡಿದವನು ನಾನು," ಎಂದ ಬೆಳ್ಳ ಹೊಳೆಗೆ. "ಇನ್ನೊಬ್ಬ ಬಂದು ನನ್ನ ಹೆಸರಲ್ಲಿ ಯಾಕೆ ಪಾಲು ಕೇಳ್ಬೇಕು?"

ಇನ್ನೂ ಹುಟ್ಟದ ತನ್ನ ಪಡಿಯಚ್ಚಿನ ಮೇಲೂ ಅವನಿಗೆ ಹೊಟ್ಟೆಕಿಚ್ಚು. ಒಬ್ಬನೇ ಓಡಾಡಿದ. ಒಂದು ಮನೆ ಕೆಡವುವಷ್ಟರಲ್ಲಿ ಹತ್ತು ಮನೆ ಕಳ್ಳರ ಪಾಲಾದವು. ಮಗುವಿನ ಮೈ ಕೆಂಡವಾಯಿತು, ಉಸಿರು ಸಣ್ಣಗಾಯಿತು.

ಆಗ ಕೆಂಪ ಬಂದ. ಬೆನ್ನ ಮೇಲೆ ಮೂಟೆಯಿರಲಿಲ್ಲ.

"ಬೆಳ್ಳಣ್ಣಾ, ಹೊರೋಕೆ ಉಸಿರೇ ಬರ್ತಿಲ್ಲ," ಎಂದ. "ನಿನ್ನಂಥ ಕಣ್ಣು ನನಗಿದ್ದಿದ್ರೆ ನಾನೇ ಹೋಗ್ತಿದ್ದೆ. ಮೊದಲಿಂದ್ಲೂ ನಿನ್ನ ಕಣ್ಣು ಕಂಡ್ರೆ ನನಗೆ ಹೊಟ್ಟೆಕಿಚ್ಚು."

ಕೆಂಪನ ಬೆನ್ನು ಬರಿದಾದರೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ ಎಂದುಕೊಂಡಿದ್ದ ಬೆಳ್ಳನಿಗೆ ಹೆದರಿಕೆಯಾಯಿತು. ಛತ್ರಕ್ಕೆ ಹೋಗಿ ಕೂತ. ಒಬ್ಬ ಇಬ್ಬರಾದ, ಇಬ್ಬರು ನಾಲ್ವರಾದರು, ಛತ್ರದ ಗೋಡೆ ಉಬ್ಬಿತು. ಎಲ್ಲರಿಗೂ ಅದೇ ಕಣ್ಣು, ಅದೇ ಕರುಬು. ನಾನು ಮೊದಲು, ತಾನು ಮೊದಲು ಎಂದು ಗಂಟಲ ಕೇರಿಗೆ ಓಡಿದರು. ಕಳ್ಳರಿದ್ದ ಮನೆ ಒಂದೂ ಉಳಿಯಲಿಲ್ಲ. ಮಗು ಕಣ್ಣು ಬಿಟ್ಟು ಹಾಲು ಕೇಳಿತು. ಕೆನ್ನೆ ರಂಗೇರಿತು, ಹೆಸರು ಮತ್ತೆ ಕೆಂಪನಿಗೇ ಹೋಯಿತು.

ಕೆಲಸ ಮುಗಿದ ಮೇಲೆ ಬೆಳ್ಳರಲ್ಲಿ ಬಹಳ ಮಂದಿ ಕರಗಿಹೋದರು. ಕೆಲವರು ಆ ಕಳ್ಳನ ಗುರುತು ಮರೆಯದೆ ಉಳಿದರು. ಅವರ ಅಣ್ಣತಮ್ಮಂದಿರು ಊರೊಳಗಿನ ದುರಾಸೆಯ ಮನೆಗಳ ಮೇಲೂ ಕಣ್ಣಿಡುತ್ತಾರೆ. ನೆರೆಯವರ ಪಾಲನ್ನೂ ತಿಂದು ಕೋಣೆಗೆ ಕೋಣೆ ಕಟ್ಟುತ್ತ ಹೋಗುವ ಅಂಥ ಮನೆಗೇ ದೊಡ್ಡವರು ಕ್ಯಾನ್ಸರ್ ಎನ್ನುವುದು. ಅದು ಒಮ್ಮೊಮ್ಮೆ ತಟ್ಟೆ ಮುಚ್ಚಿಟ್ಟು ಕಣ್ಣು ತಪ್ಪಿಸುವುದೂ ಉಂಟು. ಬಹಳ ಸಲ ಸಿಕ್ಕಿಬೀಳುತ್ತದೆ.

ಗಂಟಲು ನೋವು ಬಂದಾಗ ನಿನ್ನ ದವಡೆಯ ಕೆಳಗೆ ಮೆಲ್ಲನೆ ಮುಟ್ಟಿ ನೋಡು ಮಗೂ, ಗೋಲಿಯಂಥ ಗಂಟು ಸಿಗುತ್ತದೆ. ಅಲ್ಲಿ ಬೆಳ್ಳ ಇವತ್ತಿಗೂ ಕರುಬಿಕೊಂಡೇ ನೂರಾಗುತ್ತಿದ್ದಾನೆ.