ಗಿರಣಿಯಿಂದ ಮರಳಿದ ಇಂಜಿನ್

ತನ್ನ ಮನೆತನದಲ್ಲಿ ಯಾರನ್ನೂ ತಳ್ಳಿ ಚಾಲೂ ಮಾಡಿದ್ದಿಲ್ಲವೆಂದು ಆ ಎಂಟು ಸಿಲಿಂಡರಿನ ಅಮೆರಿಕನ್ ಕಾರು ಷೆಡ್ಡಿನಲ್ಲಿದ್ದವರಿಗೆಲ್ಲ ಹೇಳುತ್ತಿತ್ತು. ಅದರ ಅಕ್ಕಂದಿರು ಅರಮನೆಯ ಬಾಗಿಲು ಕಂಡವರು. ಅದರ ಸೀಟಿನ ಮೇಲೆ ದೊಡ್ಡ ಮನೆಗಳ ಮದುಮಕ್ಕಳು ಕುಳಿತಿದ್ದರು. ಪೆಟ್ರೋಲು ದುಬಾರಿಯಾದಾಗ ಯಜಮಾನರು ಅದರ ಹುಟ್ಟಿನ ಇಂಜಿನ್ ಇಳಿಸಿ ಮಾರಿ, ತರಕಾರಿ ಟೆಂಪೋದ ಡೀಸೆಲ್ ಇಂಜಿನ್ ಕೂರಿಸಿದ್ದರು. ಆ ಮಾತನ್ನು ಮಾತ್ರ ಕಾರು ಎತ್ತುತ್ತಿರಲಿಲ್ಲ.

ಈಗ ಯಜಮಾನರ ಮೊಮ್ಮಗನಿಗೆ ಕಾರು ಮೊದಲಿನಂತೆಯೇ ಆಗಬೇಕಿತ್ತು. ಡೀಸೆಲ್ ಇಂಜಿನ್ ಗುಜರಿಗೆ ಹೋಯಿತು. ಹುಟ್ಟಿನ ಇಂಜಿನ್ನನ್ನು ಷೆಡ್ಡಿನ ಮೆಕ್ಯಾನಿಕ್ ಖಲೀಲ್ ಮೇಸ್ತ್ರಿ ಹಿಟ್ಟಿನ ಗಿರಣಿಯೊಂದರಲ್ಲಿ ಪತ್ತೆಹಚ್ಚಿ ತಂದು, ಸರಪಳಿಗೆ ಕಟ್ಟಿ ಕಾರಿನ ಮೇಲೆ ತೂಗುಹಾಕಿದ.

“ನಿನ್ನ ಮೈಯೆಲ್ಲ ಖಾರದ ಪುಡಿ ವಾಸನೆ,” ಎಂದಿತು ಕಾರು.

“ಸೀಮೆಎಣ್ಣೆ ಕುಡಿದು ಊರಿಗೆಲ್ಲ ಬೀಸಿಕೊಟ್ಟೆ, ಅಮ್ಮಾವ್ರೇ. ಜಾಗ ಕೊಡಿ. ಇಬ್ಬರೂ ಸೇರಿದರೆ ಇನ್ನೂ ಓಡಬಹುದು.”

“ಕಂಡವರ ಜೋಳ ಬೀಸಿದವನನ್ನು ನಾನು ಹೊರುವುದಿಲ್ಲ.”

“ಟೆಂಪೋದವನನ್ನು ಇಷ್ಟು ವರ್ಷ ಹೊತ್ತಿರಲ್ಲ, ಆಗ ಮನೆತನ ಎಲ್ಲಿ ಹೋಗಿತ್ತು?”

ಕಾರು ಮೈ ಬಿಗಿಹಿಡಿಯಿತು. ಮೇಸ್ತ್ರಿ ಸಂಜೆಯವರೆಗೆ ಹೆಣಗಿದರೂ ಒಂದು ಬೋಲ್ಟೂ ಕೂರಲಿಲ್ಲ.

“ಇದು ಇದರ ಇಂಜಿನ್ನೇ ಅಲ್ಲ ಬಿಡಿ ಸಾರ್. ಗಾಡಿ ಒಡೆಸಿಬಿಡಿ,” ಎಂದ ಮೊಮ್ಮಗನಿಗೆ.

ಇಂಜಿನ್ ಗಿರಣಿಗೆ ಹಿಂತಿರುಗಿತು. ಮರುದಿನ ಗುಜರಿಯವರು ಬಂದು ಬಾಗಿಲು ಕಳಚಿದರು, ಸೀಟು ಕಿತ್ತರು, ಗ್ಯಾಸಿನ ಉರಿ ಹಚ್ಚಿ ಚಾವಣಿ ಕೊಯ್ಯತೊಡಗಿದರು.

ಬೆಂಕಿ ಬಾನೆಟ್ಟಿನ ಬಳಿಗೆ ಬಂದಾಗ ಕಾರು ಹೇಳಿತು: “ಟೆಂಪೋದ ಮಾತೆತ್ತಿದ್ದಕ್ಕೆ ಆ ಜೋಳ ಬೀಸಿದವನು ಬಂದು ನನ್ನ ಕ್ಷಮೆ ಕೇಳತಕ್ಕದ್ದು.”